ಮಂಡಕ್ಕಿ ಊರಲ್ಲಿ ಬಿಪಿ ಹಿಡಿತಕ್ಕೆ ತಂದ ನನ್ನ ಅನುಭವ

ನನಗೆ ಬಿಪಿ ಇದೆ ಅಂತ ಗೊತ್ತಾದಾಗ ತಲೆನೋವೂ ಇರಲಿಲ್ಲ, ತಲೆಸುತ್ತೂ ಇರಲಿಲ್ಲ. ಹಲ್ಲು ಕೀಳಿಸಲು ಹೋದಾಗ ನೋಡಿದರು, 158/96 ಇತ್ತು. ಬಹಳ ಜನರಿಗೆ ಹೀಗೇ ಗೊತ್ತಾಗುವುದು. ಬಿಪಿ ಒಳಗೊಳಗೇ ಹೃದಯ, ಕಿಡ್ನಿ, ಕಣ್ಣು ಎಲ್ಲಕ್ಕೂ ಪೆಟ್ಟು ಕೊಡುತ್ತದೆ, ಹೊರಗೆ ಏನೂ ತೋರಿಸುವುದಿಲ್ಲ. ಅದಕ್ಕೇ "ನಾನು ಗಟ್ಟಿಯಾಗಿದ್ದೀನಿ, ನಂಗ್ಯಾಕೆ ಬಿಪಿ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಸುಮ್ನೆ ಒಂದ್ಸಲ ನೋಡಿಸಿ.

ಡಾಕ್ಟರು ಅದೊಂದೇ ಅಂಕಿ ನೋಡಿ ಮಾತ್ರೆ ಬರೆಯಲಿಲ್ಲ. ಮನೆಯಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದುಕೊಂಡು ಬನ್ನಿ ಅಂದರು. ಆಸ್ಪತ್ರೆಯ ಗಾಬರಿಗೇ ಕೆಲವರಿಗೆ ಏರುತ್ತದಂತೆ. ತೋಳಿಗೆ ಸುತ್ತುವ ಮೆಷಿನ್ ತಂದುಕೊಂಡೆ.

ನೋಡುವುದಕ್ಕೂ ಒಂದು ಕ್ರಮ ಇದೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಕಾಲ ಮೇಲೆ ಕಾಲು ಹಾಕುವಂತಿಲ್ಲ. ಕೈಯನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಬೇಕು, ಮೆಷಿನ್‌ನ ಪಟ್ಟಿಯನ್ನು ಬಟ್ಟೆ ಮೇಲೆ ಸುತ್ತದೆ ಬರಿದಾದ ತೋಳಿಗೇ ಸುತ್ತಬೇಕು. ಮೆಷಿನ್ ಗುಯ್ ಅನ್ನುವ ಹೊತ್ತಿಗೆ ಸರಿಯಾಗಿ ಅತ್ತೆ ಬಂದು "ಎಷ್ಟು ಬಂತವ್ವಾ?" ಅನ್ನುತ್ತಾರೆ. ಮಾತಾಡಿದರೆ ಅಂಕಿ ಏರುತ್ತದೆ, ಹಾಗಾಗಿ ಕೈಸನ್ನೆಯಲ್ಲೇ ಉತ್ತರ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯುತ್ತೇನೆ. ಮನೆಯಲ್ಲಿ ನೋಡಿದಾಗ ಸರಾಸರಿ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕ. ನನ್ನದು ದಾಟಿತ್ತು. ಮಾತ್ರೆ ಶುರುವಾಯಿತು.

ಇನ್ನು ಉಪ್ಪು. ನನಗೆ ಹೆಚ್ಚು ತಲೆ ಕೆಡಿಸಿದ್ದು ಇದೇ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ ಸಾರಿಗೂ ಅಳೆಯೋಕಾಗುತ್ತಾ? ನಾನು ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯುತ್ತೇನೆ. ನಾವು ನಾಲ್ಕು ಜನ. ದಿನಕ್ಕೆ 20 ಗ್ರಾಂ ಅಂದರೂ ಒಂದು ಕೆಜಿ 50 ದಿನ ಬರಬೇಕು. ಅದೂ ಹೊರಗಿಂದ ಏನೂ ತರದಿದ್ದರೆ! ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲದರಲ್ಲೂ ಉಪ್ಪಿದೆಯಲ್ವಾ?

ದಾವಣಗೆರೆಯಲ್ಲಿ ಇದ್ದುಕೊಂಡು ಮಿರ್ಚಿ ಮಂಡಕ್ಕಿ ಬಿಡಿ ಅಂದರೆ ಯಾರೂ ಬಿಡುವುದಿಲ್ಲ. ಆದರೆ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಿಡಿಸಿಯೇ ಹುರಿಯುತ್ತಾರೆ. ಖಾರ ಕಲಸುವಾಗ ಮತ್ತೆ ಉಪ್ಪು. ಮಿರ್ಚಿಯ ಹಿಟ್ಟಿಗೆ ಉಪ್ಪಿನ ಜೊತೆ ಸೋಡ, ಅದರಲ್ಲೂ ಸೋಡಿಯಂ ಇದೆ. ಈಗ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ ಮಾಡಿದರೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿಕೊಳ್ಳುತ್ತೇನೆ, ಸ್ವಲ್ಪ ಉಪ್ಪು ನೀರಿನ ಜೊತೆ ಹೋಗುತ್ತದೆ. ಮೇಲೆ ಬೇರೆ ಉಪ್ಪು ಹಾಕುವುದಿಲ್ಲ. ಈರುಳ್ಳಿ, ಹುರಿಗಡಲೆ ಪುಡಿ, ನಿಂಬೆಹಣ್ಣು ಧಾರಾಳ. ಮೊದಮೊದಲು ಮನೆಯವರು ಸಪ್ಪೆ ಅಂದರು. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಂಡಿತು.

ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಬಿರುಸಾಗಿ ನಡೆಯುತ್ತೇನೆ.

ಮೊದಲು ಕೊಟ್ಟಿದ್ದ ಅಮ್ಲೋಡಿಪಿನ್‌ನಿಂದ ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು. ಆ ಮಾತ್ರೆಗೆ ಕೆಲವರಿಗೆ ಹೀಗಾಗುತ್ತದೆ. ನಾನಾಗಿ ನಿಲ್ಲಿಸದೆ ಡಾಕ್ಟರ ಹತ್ತಿರ ಹೋದೆ, ಟೆಲ್ಮಿಸಾರ್ಟಾನ್‌ಗೆ ಬದಲಿಸಿದರು. ಈ ಮಾತ್ರೆಗೆ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಕಿ) ನೋಡಿಸುತ್ತಿರಬೇಕು. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಈ ಮಾತ್ರೆ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಅದನ್ನು ಕೇಳದೆ ಬಳಸಬಾರದು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತರುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳೂ ಬಿಪಿ ಏರಿಸುತ್ತವೆ.

ಈಗ ನನ್ನದು ಸಾಮಾನ್ಯವಾಗಿ 130/80ರ ಒಳಗೇ ಇರುತ್ತದೆ. "ಸರಿಹೋಯ್ತಲ್ಲ, ಮಾತ್ರೆ ಬಿಡಬಹುದಲ್ವಾ?" ಅಂತ ಕೇಳುವವರೇ ಜಾಸ್ತಿ. ಮಾತ್ರೆ ತಗೊಳ್ಳುತ್ತಿರುವುದರಿಂದಲೇ ಅಷ್ಟು ಇದೆ. ಕಡಿಮೆ ಮಾಡುವುದಿದ್ದರೆ ನಾನು ಬರೆದಿಟ್ಟ ಅಂಕಿ ನೋಡಿ ಡಾಕ್ಟರೇ ಹೇಳಬೇಕು. ಇನ್ನೊಂದು ಮಾತು. 180/120ರ ಮೇಲೆ ಬಂದು ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು ಇವುಗಳಲ್ಲಿ ಯಾವುದೇ ಕಂಡರೂ ಮತ್ತೆ ಮತ್ತೆ ಬಿಪಿ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.