ಎಲ್ಕ್ ಬೇಟೆಗೆ 420 ಸಿಸಿ ಸಾಕಾಯಿತು: ನನ್ನ ಅನುಭವ

ಕಳೆದ ನವೆಂಬರಿನಲ್ಲಿ ಅಮೆರಿಕದ ಕೊಲರಾಡೊದ ಗ್ರ್ಯಾಂಡ್ ಮೇಸಾ ಬೆಟ್ಟದ ಮೇಲಿನಿಂದ ಒಂದು ಗಂಡು ಎಲ್ಕಿನ (ಇಲ್ಲಿಯ ದೊಡ್ಡ ಜಾತಿಯ ಜಿಂಕೆ) ಸುಮಾರು 90 ಕಿಲೋ ಮಾಂಸವನ್ನು ಎರಡೇ ಸುತ್ತಿನಲ್ಲಿ, ಯಾರ ನೆರವೂ ಇಲ್ಲದೆ, ನನ್ನ ಹಳೆಯ ಹೋಂಡಾ ರ್‍ಯಾಂಚರ್ 420 ಎಂಬ ಎಟಿವಿಯ (ಕಾಡುಹಾದಿಯಲ್ಲಿ ಓಡಿಸುವ ನಾಲ್ಕು ಚಕ್ರದ ಪುಟ್ಟ ಗಾಡಿ) ಮೇಲೆ ಇಳಿಸಿ ತಂದೆ. ಈ ಗಾಡಿಯನ್ನು ಕೊಂಡ ದಿನ ಸುಳ್ಯದ ಕಡೆಯವರಾದ ನನ್ನ ಬೇಟೆಯ ಜೊತೆಗಾರರು ಅದನ್ನು ಸುತ್ತಲೂ ನೋಡಿ, "ಇದು ತೋಟಕ್ಕೆ ಗೊಬ್ಬರ ಹೊರಲಿಕ್ಕೆ ಆದೀತು ಮಾರಾಯ, ಹತ್ತು ಸಾವಿರ ಅಡಿ ಹತ್ತಲಿಕ್ಕಿಲ್ಲ" ಎಂದಿದ್ದರು. ಈಗ ಅವರೇ ಅಂಥದ್ದೊಂದನ್ನು ಹುಡುಕುತ್ತಿದ್ದಾರೆ. ಆದ್ದರಿಂದ ನಾನು ಕಳೆದುಕೊಂಡ ಹಣದ ಲೆಕ್ಕವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದ ನನಗೆ ಊರಿನಲ್ಲಿ ಕೋವಿ ಎಂದರೆ ಕೈಲ್ ಮುಹೂರ್ತದ ಪೂಜೆ ಮತ್ತು ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಮಾತ್ರ. ಬೇಟೆಯನ್ನು ಕಲಿತದ್ದು ಪರವಾನಗಿ ಪಡೆದು, ಇಲ್ಲಿ ಅಮೆರಿಕದಲ್ಲಿಯೇ. ಆದರೆ ಕಾಫಿ ತೋಟದ ಜೀಪು ಓಡಿಸಿದವನಾದ್ದರಿಂದ, ಹೊರೆ ಹೊತ್ತ ಗಾಡಿ ಕೈಕೊಡುವುದು ಏರಿನಲ್ಲಿ ಅಲ್ಲ, ಇಳಿಜಾರಿನಲ್ಲಿ ಎಂಬುದು ನನಗೆ ಗೊತ್ತಿರಬೇಕಿತ್ತು. ಮೊದಲ ಎಟಿವಿ ಕೊಳ್ಳುವಾಗ ಅದನ್ನೇ ಮರೆತೆ.

ಆ ಗಾಡಿ 700 ಸಿಸಿಯದು, ಗೇರಿನ ಬದಲು ಬೆಲ್ಟಿನಿಂದ ಓಡುವಂಥದು, ಬಳಸಿದ್ದು. ಆರು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ ಕೊಟ್ಟಿದ್ದ ನೆನಪು. ಏರುವಾಗ ಅದರ ಶಕ್ತಿಗೆ ಮಾರುಹೋಗಿದ್ದೆ. ಆದರೆ ಅದಕ್ಕೆ ಎಂಜಿನ್ ಬ್ರೇಕಿಂಗ್, ಅಂದರೆ ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವ ಗುಣ, ಇರಲಿಲ್ಲ. ಎರಡನೆಯ ವರ್ಷ ಹಿಂದಿನ ರ್‍ಯಾಕಿನಲ್ಲಿ ಎಲ್ಕಿನ ಎರಡು ತೊಡೆಗಳನ್ನು ಕಟ್ಟಿಕೊಂಡು ಕಲ್ಲುಹಾದಿಯಲ್ಲಿ ಇಳಿಯುತ್ತಿದ್ದಾಗ, ಥ್ರಾಟಲ್ ಬಿಟ್ಟ ಕೂಡಲೇ ಕ್ಲಚ್ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂತೆ ಉರುಳಿತು. ಬ್ರೇಕ್ ಒತ್ತಿದರೆ ಹೊರೆ ಒಂದು ಮಗ್ಗುಲಿಗೆ ಸರಿಯಿತು. ನಾನು ಹಾರಿಕೊಂಡೆ, ಗಾಡಿ ಮಗುಚಿ ಒಂದು ಮರಕ್ಕೆ ತಗುಲಿ ನಿಂತಿತು. ಪಕ್ಕೆಲುಬಿನ ನೋವು ಮೂರು ವಾರ ಉಳಿಯಿತು. ಮರುವರ್ಷ ಕೆಸರಿನ ಏರಿನಲ್ಲಿ ನಿಧಾನವಾಗಿ ಎಳೆಯುತ್ತಿದ್ದಾಗ ಬೆಲ್ಟ್ ಬಿಸಿಯಾಗಿ ಸುಟ್ಟೇ ಹೋಯಿತು. ಎಳೆಸಿ ತಂದ ಖರ್ಚು, ಹೊಸ ಬೆಲ್ಟು, ಕೆಲಸದ ಕೂಲಿ ಎಲ್ಲ ಸೇರಿ 600 ಡಾಲರಿನ ಆಸುಪಾಸು. ಕೊನೆಗೆ ನಾಲ್ಕು ಸಾವಿರಕ್ಕೆ ಮಾರಿದೆ.

ಆ ಮೇಲೆ ಎಲ್ಲರೂ ಹೇಳಿದ್ದು ಇಬ್ಬರು ಅಕ್ಕಪಕ್ಕ ಕೂರುವ, ಅಗಲವಾದ ಸೈಡ್-ಬೈ-ಸೈಡ್ ಗಾಡಿ. ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದೆ. ದಿನಕ್ಕೆ 350 ಡಾಲರ್ ಇದ್ದಿರಬೇಕು. ಅರಣ್ಯ ಇಲಾಖೆಯ ವಾಹನ ಸಂಚಾರ ನಕ್ಷೆಯನ್ನು ನಾನು ಸರಿಯಾಗಿ ಓದಿರಲಿಲ್ಲ. ನನಗೆ ಬೇಕಾದ ಹಾದಿಯ ಬಾಯಲ್ಲಿಯೇ 50 ಇಂಚಿಗಿಂತ ಅಗಲವಾದ ವಾಹನಕ್ಕೆ ಪ್ರವೇಶವಿಲ್ಲ ಎಂಬ ಫಲಕವಿತ್ತು. ನನ್ನ ಕೈಯಲ್ಲಿದ್ದ ಗಾಡಿ 60 ಇಂಚಿಗೂ ಮೀರಿದ್ದು. ನಕ್ಷೆಯಲ್ಲಿಲ್ಲದ ಕಡೆ ಗಾಡಿ ಇಳಿಸುವಂತೆಯೂ ಇಲ್ಲ. ಬೆಳಗಿನ ನಾಲ್ಕೂವರೆಗೆ ಅಲ್ಲಿಂದ ಹಿಂದಿರುಗಿದೆ.

ಆಗ ಸಿಸಿಯ ಲೆಕ್ಕವನ್ನು ಬಿಟ್ಟು, ಹಾದಿಯ ಅಗಲ, ರ್‍ಯಾಕಿನ ಭಾರ, ಮಗುಚಿದರೆ ಒಬ್ಬನೇ ಎತ್ತಬಲ್ಲ ತೂಕ, ಈ ಮೂರನ್ನೇ ಇಟ್ಟುಕೊಂಡು ಹುಡುಕಿದೆ. ರ್‍ಯಾಂಚರ್ 50 ಇಂಚಿನೊಳಗೆ ಸುಲಭವಾಗಿ ಹೋಗುತ್ತದೆ. ಮುಂದಿನ ರ್‍ಯಾಕಿಗೆ 30 ಕಿಲೋ, ಹಿಂದಿನದಕ್ಕೆ 60 ಕಿಲೋ. ಗಾಡಿಯ ತೂಕ 270 ಕಿಲೋ ಸುಮಾರು. ಕಾಲಿನಿಂದ ಗೇರ್ ಹಾಕುವ, ಬೆಲ್ಟ್ ಇಲ್ಲದ, ಶಾಫ್ಟಿನ ಮಾದರಿಯನ್ನೇ ಹಟ ಹಿಡಿದು ಹುಡುಕಿ 3,800 ಡಾಲರಿಗೆ ಕೊಂಡೆ. ಮೂರು ಸಾವಿರ ಮೀಟರಿನ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಮೂರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ ಎಂಬುದು ನಿಜ, ಜೊತೆಗಾರರ ಆಕ್ಷೇಪವೂ ಅದೇ ಆಗಿತ್ತು. ಆದರೆ ಇಂಧನ ಇಂಜೆಕ್ಷನ್ ಇರುವುದರಿಂದ ಎತ್ತರಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಜೆಟ್ ಬದಲಿಸುವ ಗೋಳು ಇಲ್ಲ, ಮತ್ತು ಒಂದನೇ ಗೇರಿನಲ್ಲಿ ನಡೆಯುವ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಅದು ಬೇಸರವಿಲ್ಲದೆ ಹತ್ತುತ್ತದೆ. ಇಳಿಯುವಾಗ ಅದೇ ಗೇರಿನಲ್ಲಿ, ನಾಲ್ಕೂ ಚಕ್ರಗಳ ಡ್ರೈವ್ ಹಾಕಿಟ್ಟರೆ, ಬ್ರೇಕಿಗೆ ಕೈ ಹೋಗುವುದೇ ಅಪರೂಪ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. 24 ಇಂಚಿನ ಟಯರ್ ತೆಗೆದು 26 ಇಂಚಿನವನ್ನು ಹಾಕಿಸಿದಾಗ ನೆಲದಿಂದ ಎತ್ತರ ಸಿಕ್ಕಿತು, ಎಳೆತ ಹೋಯಿತು. 480 ಡಾಲರ್ ವ್ಯರ್ಥ. ಹಿಮಕ್ಕೆ ಹಿಂದಿನ ಎರಡು ಚಕ್ರಗಳಿಗೆ ಸರಪಳಿ ಹಾಕಿದ್ದು ಅತ್ಯುತ್ತಮವಾಗಿ ಕೆಲಸ ಮಾಡಿತು. ಮುಂದಿನವಕ್ಕೂ ಹಾಕಿದಾಗ ಅದು ಬ್ರೇಕಿನ ಹೋಸಿಗೆ ಉಜ್ಜತೊಡಗಿತು. ನನಗೆ ಇವತ್ತಿಗೂ ನೋಯುವ ವಿಫಲತೆ ಕೋವಿಯದು. ಕೊಲರಾಡೊದಲ್ಲಿ ಎಟಿವಿಯ ಮೇಲೆ ಕೋವಿಯ ಚೇಂಬರ್ ಮತ್ತು ಮ್ಯಾಗಜೀನ್ ಎರಡೂ ಖಾಲಿಯಿರಬೇಕು, ಕೋವಿ ಪೂರ್ತಿ ಚೀಲದೊಳಗಿರಬೇಕು. ನಾನು ಆ ಚೀಲವನ್ನು ಮುಂದಿನ ರ್‍ಯಾಕಿಗೆ ಬಿಗಿದಿದ್ದೆ. ಗಾಡಿಯ ನಡುಕಕ್ಕೆ ಕೋವಿಯ ಮೇಲಿನ ಗುರಿ ದುರ್ಬೀನಿನ ತಿರುಪು ಸಡಿಲಗೊಂಡು, 200 ಮೀಟರಿನಲ್ಲಿ ನಿಂತ ಗಂಡು ಎಲ್ಕಿನ ಬೆನ್ನ ಮೇಲಿಂದ ಗುಂಡು ಹಾರಿಹೋಯಿತು. ಅಂದಿನಿಂದ ಮೆದು ಚೀಲದಲ್ಲಿ ಹಾಕಿ ಬೆನ್ನಿಗೇ ಹಾಕಿಕೊಳ್ಳುತ್ತೇನೆ, ಪ್ರತಿ ಪ್ರಯಾಣಕ್ಕೂ ಮೊದಲು ತಿರುಪು ನೋಡುತ್ತೇನೆ.

ಗಾಡಿಯನ್ನು ಬೇಟೆಯ ಜಾಗದವರೆಗೆ ಒಯ್ಯುವುದನ್ನೂ ಬಿಟ್ಟಿದ್ದೇನೆ. ಎಲ್ಕ್ ಎಟಿವಿಯ ಸದ್ದಿಗೆ ಕಿಲೋಮೀಟರುಗಟ್ಟಲೆ ದೂರ ಸರಿಯುವುದನ್ನು ಕಣ್ಣಾರೆ ಕಂಡ ಮೇಲೆ, ಬೆಳಕು ಹರಿಯುವ ಒಂದೂವರೆ ಗಂಟೆ ಮೊದಲೇ ಎರಡು ಕಿಲೋಮೀಟರ್ ಈಚೆಗೆ ನಿಲ್ಲಿಸಿ ನಡೆಯುತ್ತೇನೆ. ಹೊಡೆದ ಜಾಗದಿಂದ ಹಾದಿಯವರೆಗೆ ಮಾಂಸ ಬೆನ್ನ ಮೇಲೆಯೇ ಬರುತ್ತದೆ. ಗಾಡಿಯ ಕೆಲಸ ಆ ಮೇಲಿನದು.

60 ಕಿಲೋ ಹೊರೆ ಇಳಿಜಾರಿನಲ್ಲಿ ಒಂದು ಅಂಗುಲವೂ ಸರಿಯದಂತೆ ಕಟ್ಟುವ ರೀತಿಯೊಂದನ್ನು ಕಾಫಿ ಚೀಲ ಕಟ್ಟುತ್ತಿದ್ದ ನಮ್ಮ ತೋಟದ ಕೆಲಸಗಾರರಿಂದ ಕಲಿತಿದ್ದೇನೆ. ಅದನ್ನೂ ನಾನು ಗಾಡಿ ನಿಲ್ಲಿಸುವ ಜಾಗವನ್ನೂ ಇಲ್ಲಿ ಬರೆಯುವುದಿಲ್ಲ. ವಾರ್ಷಿಕ ಎಟಿವಿ ಪರವಾನಗಿಯ 25 ಡಾಲರು ಚಿಲ್ಲರೆ, ಎಣ್ಣೆ, ಒಂದು ಜೊತೆ ಬ್ರೇಕ್ ಶೂ ಬಿಟ್ಟರೆ ಎರಡು ವರ್ಷಗಳಲ್ಲಿ ಈ ಗಾಡಿ ನನ್ನಿಂದ ಬೇರೇನನ್ನೂ ಕೇಳಿಲ್ಲ. ಬರುವ ಅಕ್ಟೋಬರಿನಲ್ಲಿ, ತಮ್ಮದು ಸಿಗುವವರೆಗೆ, ಸುಳ್ಯದವರೂ ಮೊದಲ ಹೊರೆಯನ್ನು ಇದರ ಮೇಲೆಯೇ ಇಳಿಸಲಿದ್ದಾರೆ.