ನೊರೆ ಎದ್ದ ಮೇಲೆ ಸಿಕ್ಕ ಇನ್ವರ್ಟೇಸ್

ಆಲೂಗಡ್ಡೆಯಲ್ಲಿ ಆಸಿಡ್ ಇನ್ವರ್ಟೇಸ್ (ಸುಕ್ರೋಸ್ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವ ಎಂಜೈಮ್) ಅಳೆಯಲು ಹೋಗಿ ಸುಮಾರು ನಾಲ್ಕು ತಿಂಗಳು ಕಳೆದೆ. ‘ಗೆಡ್ಡೆಯಲ್ಲಿ ಅದು ಇರೋದೇ ಅಷ್ಟು, ಬಿಟ್ಟುಬಿಡು’ ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದರು. ಆದರೆ 4 ಡಿಗ್ರಿಯಲ್ಲಿ ಮೂರು ವಾರ ಇಟ್ಟ ಗೆಡ್ಡೆ ಸಿಹಿಯಾಗುತ್ತದೆ, ಹೋಳು ಮಾಡಿ ಕರಿದರೆ ಆ ಸಕ್ಕರೆಯಿಂದ ಕಪ್ಪಾಗುತ್ತದೆ. ಸುಕ್ರೋಸನ್ನು ಯಾರೋ ಒಡೆಯುತ್ತಿರಲೇಬೇಕು ಅಲ್ವಾ?

ಮೊದಲ ಪೆಟ್ಟು ಗ್ಲೂಕೋಸ್, ಫ್ರಕ್ಟೋಸಿನಂಥ ಸಕ್ಕರೆ ಸಿಕ್ಕರೆ ಹಳದಿಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುವ ದ್ರಾವಣ ಡಿಎನ್‌ಎಸ್‌ನಲ್ಲಿ. ಎಂಜೈಮ್ ಸಾಯಲೆಂದು ಕುದಿಸಿದ ಬ್ಲ್ಯಾಂಕೂ ಇಟ್ಟಿಗೆ ಬಣ್ಣ, ಸ್ಯಾಂಪಲ್ಲೂ ಇಟ್ಟಿಗೆ ಬಣ್ಣ. 540 ನ್ಯಾನೊಮೀಟರ್ ಬೆಳಕಿನಲ್ಲಿ ಬಣ್ಣ ಅಳೆದರೆ ವ್ಯತ್ಯಾಸ ಹೆಚ್ಚೆಂದರೆ 0.02. ಗೆಡ್ಡೆಯ ಸ್ವಂತ ಸಕ್ಕರೆಯೇ ಎಲ್ಲವನ್ನೂ ಮುಚ್ಚಿಹಾಕಿತ್ತು. ರೆಡಿ ಕಾಲಮ್‌ ತರಿಸಲು ದುಡ್ಡಿರಲಿಲ್ಲ, ಪ್ರೋಟೀನನ್ನು ಮುಂದೆ ಬಿಟ್ಟು ಸಕ್ಕರೆಯನ್ನು ಹಿಂದೆ ಉಳಿಸುವ ಜಿ-25 ಜೆಲ್ಲನ್ನು ಸಿರಿಂಜಿಗೆ ತುಂಬಿಕೊಂಡೆ. ಬ್ಲ್ಯಾಂಕ್ ಹಳದಿಗೆ ಬಂತು. ಬಫರ್‌ಗೆ ರಸ ಕಂದಾಗದಂತೆ ತಡೆಯುವ ಮೆಟಾಬೈಸಲ್ಫೈಟ್ ಹಾಕದೆ ಎಕ್ಸ್‌ಟ್ರಾಕ್ಟ್ ಚಹಾದಂತಾದ ಕಥೆ ಬೇಡ ಬಿಡಿ, ಎಲ್ಲರಿಗೂ ಆಗಿರುತ್ತದೆ.

ಆಮೇಲೆ ಶೋಕಿಗೆ ಗ್ಲೂಕೋಸ್ ಕಿಟ್ ತರಿಸಿದೆ, ಆ ವರ್ಷದ ಕೆಮಿಕಲ್ ದುಡ್ಡಿನ ಅರ್ಧ ಅದಕ್ಕೇ ಹೋಯಿತು. ಚಟುವಟಿಕೆ ಡಿಎನ್‌ಎಸ್‌ನ ಸರಿಯಾಗಿ ಅರ್ಧ! ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಒಂದು ಸುಕ್ರೋಸ್ ಒಡೆದರೆ ಡಿಎನ್‌ಎಸ್ ಕಣ್ಣಿಗೆ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಬೀಳುತ್ತವೆ, ಕಿಟ್‌ಗೆ ಒಂದೇ. ಇಷ್ಟು ತಿಳಿಯಲು ಒಂದು ಡಬ್ಬ ಖಾಲಿ.

ಗೆದ್ದದ್ದು ಅಕಸ್ಮಾತ್ತಾಗಿ. ರಸದ ಒಂದು ಟ್ಯೂಬನ್ನು ಗರಗರ ಅಲುಗಿಸುವ ಯಂತ್ರ ವೋರ್ಟೆಕ್ಸ್ ಮೇಲೆ ಬಿಟ್ಟು ಫೋನಿಗೆ ಹೋದೆ, ಬಂದು ನೋಡಿದರೆ ಬಾಯಿಯವರೆಗೂ ನೊರೆ, ಪ್ರೋಟೀನ್ ಸತ್ತಿತು ಅಂದುಕೊಂಡೆ, ಚೆಲ್ಲಲು ಮನಸ್ಸಾಗದೆ ಪಿಎಚ್ 4.7ರಲ್ಲಿ ಅಳೆದೆ. ಮೂರು ಪಟ್ಟು ಜಾಸ್ತಿ! ಇನ್ವರ್ಟೇಸನ್ನು ಅದುಮಿ ಹಿಡಿಯುವ ಪುಟ್ಟ ಇನ್ಹಿಬಿಟರ್ ಪ್ರೋಟೀನ್ ನೊರೆಗೆ ಮೊದಲು ಸಾಯುತ್ತದೆ, ಎಂಜೈಮ್ ತಡೆದುಕೊಳ್ಳುತ್ತದೆ. ಪರೀಕ್ಷೆಗೆ, ತಣ್ಣಗಿಡದೆ ಹೊರಗಿಟ್ಟಿದ್ದ ಗೆಡ್ಡೆಯ ನೊರೆಯಿಲ್ಲದ ರಸವನ್ನು ಸ್ವಲ್ಪ ಬೆರೆಸಿದೆ. ಚಟುವಟಿಕೆ ಮತ್ತೆ ಕುಸಿಯಿತು. ಹಳೇ ಪೇಪರ್ ತೆಗೆದರೆ 1960ರ ದಶಕದಲ್ಲೇ ಇದನ್ನು ಕಂಡವರಿದ್ದಾರೆ. ಇರಲಿ, ನಾನೂ ಕಂಡೆನಲ್ಲ! ಎಷ್ಟು ಹೊತ್ತು, ಎಷ್ಟು ತಣ್ಣಗೆ ನೊರೆ ಎಬ್ಬಿಸಬೇಕು ಅನ್ನುವುದು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ಉಳಿದ ಗೆಡ್ಡೆಗಳನ್ನು ಎರಡು ವಾರ 18 ಡಿಗ್ರಿಯಲ್ಲಿಟ್ಟು ಮತ್ತೆ ಕರಿದು ನೋಡಿದೆ. ನಡುವೆ ತಿಳಿ ಹಳದಿ, ತುದಿಯಲ್ಲಿ ಮಾತ್ರ ಬೆರಳಗಲ ಕಂದು. ಅದು ಯಾಕೆ ಅಂತ ಈಗ ತುದಿಯನ್ನು ಬೇರೆ ಕತ್ತರಿಸಿ ಅಳೆಯುತ್ತಿದ್ದೇನೆ. ‘ಬಿಟ್ಟುಬಿಡು’ ಅಂದಿದ್ದವರೇ ಟ್ಯೂಬ್ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ.