ತಳ್ಳಬೇಡ, ತಿರುಗಲು ಬಿಡು

ಕಟ್ಟಿಕೊಂಡ ಚರಂಡಿ ಪೈಪು ಬಿಡಿಸುವ ಮೆಷಿನ್ ತಂದ ಮೊದಲ ದಿನವೇ, ಪೈಪಿನೊಳಗೆ ತಿರುಗುತ್ತಾ ಹೋಗುವ ಅದರ ಕೇಬಲ್ ಹಾಳು ಮಾಡಿಕೊಂಡವನು ನಾನು.

ಅಡುಗೆಮನೆ ಸಿಂಕಿನ ಲೈನು, ಎರಡು ಇಂಚಿನ ಪೈಪು. ಪಾತ್ರೆ ತೊಳೆದ ನೀರು ಗಂಟೆಗಟ್ಟಲೆ ಹಾಗೇ ನಿಲ್ಲುತ್ತಿತ್ತು. ಕೇಬಲ್ ಮೂರು ಮೀಟರ್ ಸಲೀಸಾಗಿ ಹೋಗಿ ಏನಕ್ಕೋ ತಾಗಿ ನಿಂತಿತು. ಮೋಟಾರ್ ಇದೆಯಲ್ಲ, ಕೊರೆದುಕೊಂಡು ಹೋಗುತ್ತದೆ ಅಂದುಕೊಂಡು ಪೆಡಲ್ ಒತ್ತಿಕೊಂಡೇ ಇನ್ನೂ ತಳ್ಳಿದೆ. ತುದಿ ಸಿಕ್ಕಿಕೊಂಡಿತ್ತು. ಹಿಂದೆ ಕೇಬಲ್ ಸುತ್ತಿಟ್ಟ ಡ್ರಮ್ ಮಾತ್ರ ತಿರುಗುತ್ತಲೇ ಇತ್ತು. ಪೈಪಿನ ಬಾಯಿಗೂ ಮೆಷಿನ್ನಿಗೂ ನಡುವೆ ಎರಡು ಮೀಟರ್ ಕೇಬಲ್ ಆಸರೆಯಿಲ್ಲದೆ ನೇತಾಡುತ್ತಿತ್ತು. ಅದು ಒಮ್ಮೆಲೇ ಹಾವಿನ ಹಾಗೆ ಹೊರಳಿ, ತನ್ನ ಮೇಲೆ ತಾನೇ ಸುತ್ತಿಕೊಂಡು, ನನ್ನ ಮುಂಗೈಗೆ ಬಡಿಯಿತು. ಕಾಲು ತಾನಾಗಿಯೇ ಪೆಡಲ್ ಬಿಟ್ಟಿತು. ಅಷ್ಟರಲ್ಲಿ ಹೊಸ ಕೇಬಲ್ಲಿನಲ್ಲಿ ಎರಡು ಗಂಟು ಬಿದ್ದಿದ್ದವು. ಮುಂಗೈ ಮೇಲಿನ ನೀಲಿ ಬರೆ ಹೋಗಲು ಹತ್ತು ದಿನ ಹಿಡಿಯಿತು.

ನಾನು ಕೆಲಸ ಕಲಿತ ಮೇಸ್ತ್ರಿ ಬಂದು ನೋಡಿದರು. ಬೈಯಲಿಲ್ಲ. "ನೀನು ಅದನ್ನ ಸಲಾಕೆ ಅಂದುಕೊಂಡೆ. ಅದು ಸ್ಪ್ರಿಂಗು ಕಣೋ" ಅಂದರು, ಅಷ್ಟೇ.

ಆ ಒಂದು ಮಾತಿನ ಅರ್ಥ ಕೈಗೆ ಹತ್ತಲು ನನಗೆ ಒಂದು ವರ್ಷ ಬೇಕಾಯಿತು. ಕೇಬಲ್ ಎಂದರೆ ಉಕ್ಕಿನ ತಂತಿಯನ್ನು ಒತ್ತೊತ್ತಾಗಿ ಸುತ್ತಿದ ಉದ್ದನೆಯ ಸ್ಪ್ರಿಂಗು. ತುದಿ ನಿಂತು ಹಿಂದಿನ ಭಾಗ ತಿರುಗುತ್ತಿದ್ದರೆ ಆ ತಿರುಚು ಎಲ್ಲಿಗೂ ಹೋಗುವುದಿಲ್ಲ, ಕೇಬಲ್ಲಿನ ಒಳಗೇ ಕೂರುತ್ತದೆ. ಪೈಪಿನ ಒಳಗಿರುವ ಭಾಗಕ್ಕೆ ಸುತ್ತಲೂ ಗೋಡೆ ಇದೆ, ಹೊರಳಲು ಜಾಗವಿಲ್ಲ. ಹೊರಗೆ ನೇತಾಡುವ ಭಾಗಕ್ಕೆ ಬೇಕಾದಷ್ಟು ಜಾಗ ಇದೆ. ಅದಕ್ಕೇ ಈಗ ಮೆಷಿನ್ನನ್ನು ಪೈಪಿನ ಬಾಯಿಗೆ ಆದಷ್ಟೂ ಹತ್ತಿರ, ಎರಡು ಅಡಿಯೊಳಗೇ ಇಡುತ್ತೇನೆ. ಜಾಗ ಇಕ್ಕಟ್ಟು, ದೂರ ಇಡಲೇಬೇಕು ಅಂತಾದರೆ, ನಡುವಿನ ಕೇಬಲ್ಲಿಗೆ ಒಂದು ತುಂಡು ಪೈಪು ತೊಡಿಸುತ್ತೇನೆ.

ಮೆಷಿನ್ ಬರುವ ಮೊದಲು ನನ್ನ ಹತ್ತಿರ ಇದ್ದದ್ದು ಪ್ಲಂಜರ್, ಗಟ್ಟಿ ತಂತಿ, ಮತ್ತೆ ಕೈಯಲ್ಲಿ ತಿರುಗಿಸುವ ಸ್ಪ್ರಿಂಗು. ಬಚ್ಚಲಿನ ಕೂದಲಿಗೆ, ವಾಶ್‌ಬೇಸಿನ್ನಿನ ಸೋಪಿಗೆ ಇವತ್ತಿಗೂ ಅದೇ ಸಾಕು. ಸಣ್ಣ ಕೆಲಸಕ್ಕೆಲ್ಲ ಮೆಷಿನ್ ಹೊತ್ತುಕೊಂಡು ಹೋಗುವುದು ಸುಮ್ನೆ ಆಡಂಬರ. ಆದರೆ ಐದು ಮೀಟರ್ ದಾಟಿ, ಮೂರು ಬೆಂಡು ಕಳೆದು ಕಟ್ಟಿದ್ದರೆ ಕೈಯ ಸ್ಪ್ರಿಂಗು ಸೋಲುತ್ತದೆ. ಇಲ್ಲಿ ತಿರುಗಿಸಿದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೋಟಾರಿನಿಂದ ಕೇಬಲ್ ತಿರುಗಿಸುವ ಯೋಚನೆ ಹೊಸದೇನಲ್ಲ. 1933ರಲ್ಲಿ ಅಮೆರಿಕದ ಅಯೋವಾದಲ್ಲಿ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬಾತ ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಉಕ್ಕಿನ ಕೇಬಲ್ ಜೋಡಿಸಿ, ತುದಿಗೆ ಬ್ಲೇಡು ಕಟ್ಟಿ, ಚರಂಡಿ ಪೈಪಿನೊಳಗಿನ ಬೇರು ಕತ್ತರಿಸುವ ಯಂತ್ರ ಮಾಡಿಕೊಂಡ. ಚರಂಡಿ ಬಿಡಿಸುವ ರೋಟೋ-ರೂಟರ್ ಕಂಪನಿ ಹುಟ್ಟಿದ್ದು ಅಲ್ಲಿಂದ. ನನ್ನ ಮೆಷಿನ್ನಿನ ಒಳಗಿರುವುದೂ ಹೆಚ್ಚುಕಡಿಮೆ ಅದೇ: ಒಂದು ಮೋಟಾರು, ಒಂದು ಡ್ರಮ್ಮು, ಅದರೊಳಗೆ ಸುತ್ತಿದ ಕೇಬಲ್ಲು.

ನನ್ನದು 10 ಮಿಲಿಮೀಟರ್ ದಪ್ಪದ, 23 ಮೀಟರ್ ಉದ್ದದ ಕೇಬಲ್. ಎರಡು, ಮೂರು ಇಂಚಿನ ಪೈಪಿಗೆ ಸರಿಹೋಗುತ್ತದೆ. ವಾಶ್‌ಬೇಸಿನ್ನಿನ ಒಂದೂಕಾಲು ಇಂಚಿನ ಪೈಪಿಗೆ ಇದು ದಪ್ಪವಾಯಿತು, ಬೆಂಡಿನಲ್ಲಿ ಬಗ್ಗುವುದಿಲ್ಲ. ಅದಕ್ಕೆ 8 ಮಿಲಿಮೀಟರಿನದು ಬೇಕು. ಹೊರಗಿನ ನಾಲ್ಕು, ಆರು ಇಂಚಿನ ಲೈನಿಗೆ ಇದನ್ನು ಬಿಟ್ಟರೆ ಒಳಗೇ ಮಡಚಿಕೊಂಡು ಹಿಂದಕ್ಕೆ ತಿರುಗಿ ಬರುತ್ತದೆ. ದೊಡ್ಡ ಲೈನಿಗೆಂದು ಆಮೇಲೆ ತುಂಡು ತುಂಡು ಕೇಬಲ್ ಜೋಡಿಸುವ ಇನ್ನೊಂದು ಮೆಷಿನ್ ತೆಗೆದುಕೊಂಡೆ. ಅದರ ಕೇಬಲ್ 16 ಮಿಲಿಮೀಟರ್, ಒಂದೊಂದು ತುಂಡು ಎರಡೂಕಾಲು ಮೀಟರಿನಷ್ಟು. ಹೊರಲು ಅದೇ ಹಗುರ, ಯಾಕೆಂದರೆ ಕೇಬಲ್ಲನ್ನು ಬೇರೆಯಾಗಿ ಒಯ್ಯಬಹುದು. ಡ್ರಮ್ ಮೆಷಿನ್ನನ್ನು ಮೂರನೇ ಮಹಡಿಗೆ ಹತ್ತಿಸಿದವರಿಗೆ ಈ ಮಾತು ಅರ್ಥವಾಗುತ್ತದೆ. ಆದರೆ ಡ್ರಮ್ಮಿನಲ್ಲಿ ಕೊಳೆನೀರು ಒಳಗೇ ಉಳಿಯುತ್ತದೆ, ಮನೆಯ ಗೋಡೆಗೆ ಸಿಡಿಯುವುದಿಲ್ಲ. ಮನೆಯೊಳಗಿನ ಕೆಲಸಕ್ಕೆ ಡ್ರಮ್ಮೇ ಮೇಲು.

ಕೆಲಸ ಶುರುಮಾಡುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: "ಏನಾದ್ರೂ ಪುಡಿ, ಆಸಿಡ್ ಸುರಿದಿದ್ದೀರಾ?" ಮೊದಲು ಕೇಳುತ್ತಿರಲಿಲ್ಲ. ಒಂದು ಮನೆಯಲ್ಲಿ ಡ್ರೈನ್ ಕ್ಲೀನರ್ ಎರಡು ಬಾಟಲಿ ಸುರಿದು, ಅದು ಕೆಲಸ ಮಾಡದೆ, ಆಮೇಲೆ ನನ್ನನ್ನು ಕರೆದಿದ್ದರು. ಸುರಿದ ವಿಷಯ ಮಾತ್ರ ಹೇಳಲಿಲ್ಲ. ಕೇಬಲ್ ಹಿಂದಕ್ಕೆ ಎಳೆಯುವಾಗ ನೀರು ಹನಿಹನಿಯಾಗಿ ಸಿಡಿಯುತ್ತದಲ್ಲ, ಅದು ಕುತ್ತಿಗೆಗೆ ಬಿತ್ತು. ಉರಿ ಹತ್ತಿದ ಮೇಲೆ ಗೊತ್ತಾಯಿತು. ಕನ್ನಡಕ ಹಾಕಿದ್ದೆ, ಕಣ್ಣು ಉಳಿಯಿತು. ಈಗ ಯಾರಾದರೂ "ಹೌದು, ಸುರಿದಿದ್ದೇವೆ" ಅಂದರೆ ಆ ದಿನ ಮೆಷಿನ್ ಹಾಕುವುದೇ ಇಲ್ಲ. ಆ ರಾಸಾಯನಿಕ ಕೇಬಲ್ಲನ್ನೂ ತಿನ್ನುತ್ತದೆ.

ಕರೆಂಟಿನ ವಿಷಯಕ್ಕೂ ಹಾಗೇ. ಒದ್ದೆ ನೆಲ, ಲೋಹದ ಮೆಷಿನ್, ಲೋಹದ ಕೇಬಲ್, ಅದನ್ನು ಹಿಡಿದ ನಾನು. ಕರೆಂಟು ಸೋರಿದರೆ 30 ಮಿಲಿಆಂಪ್‌ಗೆ ಟ್ರಿಪ್ ಆಗುವ ಸ್ವಿಚ್ ಇಲ್ಲದ ಪ್ಲಗ್ಗಿಗೆ ನಾನು ಮೆಷಿನ್ ಸಿಕ್ಕಿಸುವುದಿಲ್ಲ. ನನ್ನ ವೈರಿನಲ್ಲೇ ಒಂದನ್ನು ಕೂರಿಸಿಕೊಂಡಿದ್ದೇನೆ, ಪ್ರತಿ ಸಲ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ.

ಕೈಗವಸು ಚರ್ಮದ್ದೇ ಆಗಬೇಕು, ಒಳಗೆ ತೆಳ್ಳನೆಯ ರಬ್ಬರ್. ಬಟ್ಟೆಯ ಗವಸು ಹಾಕಿಕೊಂಡು ಕೇಬಲ್ ಹಿಡಿಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಂದು ನೂಲು ಕೇಬಲ್ಲಿನ ಸುತ್ತಿನಲ್ಲಿ ಸಿಕ್ಕರೆ ಸಾಕು, ಬೆರಳನ್ನೂ ಕರೆದುಕೊಂಡು ಹೋಗುತ್ತದೆ. ಉದ್ದ ತೋಳಿನ ಸಡಿಲ ಅಂಗಿ, ಉಂಗುರ, ಎಲ್ಲ ತೆಗೆದಿಡಬೇಕು. ಕಾಲು ಪೆಡಲ್ ಮೇಲೆ, ಎರಡೂ ಕೈ ಕೇಬಲ್ ಮೇಲೆ. ಪೆಡಲ್ ಒಬ್ಬರು, ಕೇಬಲ್ ಇನ್ನೊಬ್ಬರು ಅಂತ ಹಂಚಿಕೊಳ್ಳುವುದೇ ತಪ್ಪು. ಸಿಕ್ಕಿಕೊಂಡದ್ದು ನನ್ನ ಕೈಗೆ ಗೊತ್ತಾಗುತ್ತದೆ, ನನ್ನ ಕಾಲು ಆ ಕ್ಷಣಕ್ಕೇ ಬಿಡಬೇಕು. ನಡುವೆ ಬಾಯಿಮಾತಿಗೆ ಸಮಯ ಇರುವುದಿಲ್ಲ.

ಸಿಂಕಿನದಾದರೆ ಕೆಳಗಿನ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಬಾಗಿದ ಪೈಪು, ಬಿಚ್ಚಿ, ಗೋಡೆಯೊಳಗೆ ಹೋಗುವ ಪೈಪಿನಿಂದಲೇ ಕೇಬಲ್ ಬಿಡುತ್ತೇನೆ. ಎಷ್ಟೋ ಸಲ ಟ್ರ್ಯಾಪ್ ಬಿಚ್ಚಿದಾಗಲೇ ಕಸ ಕೈಗೆ ಬಂದು ಕೆಲಸ ಮುಗಿದಿದೆ. ಕಮೋಡಿನ ಮೂಲಕ ಮಾತ್ರ ಈ ಮೆಷಿನ್ ಹಾಕುವುದಿಲ್ಲ, ಪಿಂಗಾಣಿ ಗೀಚಿ ಹೋಗುತ್ತದೆ, ಒಡೆದರೂ ಒಡೆಯಿತು. ಅದಕ್ಕೆ ಬೇರೆಯದೇ ಕೈ ಸ್ಪ್ರಿಂಗಿದೆ. ಅದರಿಂದ ಆಗದಿದ್ದರೆ ಹೊರಗಿನ ಚೇಂಬರಿನಿಂದ ಮೇಲ್ಮುಖವಾಗಿ ಬರುತ್ತೇನೆ.

ಮೋಟಾರ್ ಹಾಕದೆ ಕೇಬಲ್ಲನ್ನು ಒಂದಡಿಯಾದರೂ ಪೈಪಿನೊಳಗೆ ಸೇರಿಸಿ, ಆಮೇಲೆ ಪೆಡಲ್ ಒತ್ತುತ್ತೇನೆ. ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ, ಒಂದು ಸಲಕ್ಕೆ ಒಂದು ಗೇಣು. ಕೇಬಲ್ ತಿರುಗುತ್ತಾ ತಾನೇ ದಾರಿ ಹುಡುಕುತ್ತದೆ. ಬೆಂಡು ಬಂದಾಗ ಕೈಗೆ ಮೆತ್ತನೆಯ ಒತ್ತು ಸಿಗುತ್ತದೆ, ಎರಡು ಮೂರು ಸುತ್ತಿಗೆ 'ಟಕ್' ಅಂತ ಆ ಕಡೆ ಬೀಳುತ್ತದೆ. ಜಿಡ್ಡು ಬಂದರೆ ಬೇರೆ ತರಹ. ಗಟ್ಟಿಯಾಗಿ ತಾಗುವುದಿಲ್ಲ, ಕೆಸರಿನಲ್ಲಿ ಕಾಲಿಟ್ಟ ಹಾಗೆ ಭಾರವಾಗುತ್ತಾ ಹೋಗುತ್ತದೆ, ಮೋಟಾರಿನ ಸದ್ದು ನಿಧಾನಕ್ಕೆ ಇಳಿಯುತ್ತದೆ. ಬೇರು ಕಚ್ಚಿಕೊಳ್ಳುತ್ತದೆ. ಕೇಬಲ್ ಕೈಯಲ್ಲೇ ಒಂದಿಷ್ಟು ಓರೆಯಾಗಿ ಬಿಲ್ಲಿನಂತೆ ಬಾಗಲು ನೋಡುತ್ತದೆ. ಅದೇ ಸೂಚನೆ, ಕಾಲು ತೆಗಿ. ಒಂದು ಗೇಣು ಹಿಂದಕ್ಕೆ ಎಳೆದು, ತುದಿಯನ್ನು ಮತ್ತೆ ಪೂರ್ತಿ ವೇಗಕ್ಕೆ ತಿರುಗಲು ಬಿಟ್ಟು, ಮೆಲ್ಲಗೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಬಡಗಿ ಗರಗಸ ಎಳೆಯುವ ಲಯ. ಹತ್ತು ಸಲ ಆಗಬಹುದು, ನಲವತ್ತೂ ಆಗಬಹುದು.

ರಿವರ್ಸ್ ಸ್ವಿಚ್ಚಿನ ಬಗ್ಗೆ ಒಂದು ಮಾತು. ಹೊಸಬರು ಅದನ್ನು ಸ್ಕ್ರೂ ಬಿಚ್ಚುವ ಹಾಗೆ ಬಳಸುತ್ತಾರೆ. ಕೇಬಲ್ ಸುತ್ತಿರುವುದೇ ಮುಂದಿನ ದಿಕ್ಕಿಗೆ ತಿರುಗಿದಾಗ ಬಿಗಿಯಾಗುವಂತೆ. ಹಿಂದಕ್ಕೆ ತಿರುಗಿಸುತ್ತಾ ಹೋದರೆ ಸುತ್ತು ಬಿಚ್ಚಿಕೊಂಡು ಕೇಬಲ್ ಕೆಡುತ್ತದೆ. ತುದಿ ಪೂರ್ತಿ ಸಿಕ್ಕಿಕೊಂಡಾಗ ಬಿಡಿಸಲು ಒಂದೆರಡು ಸುತ್ತು, ಅದಕ್ಕಿಂತ ಜಾಸ್ತಿ ಬೇಡ.

ತುದಿಗೆ ಏನು ಹಾಕಬೇಕು ಅನ್ನುವುದಕ್ಕೆ ನನ್ನ ಅಭ್ಯಾಸ ಹೇಳುತ್ತೇನೆ. ಮೊದಲ ಸುತ್ತು ಯಾವಾಗಲೂ ಸಣ್ಣ ಸ್ಪ್ರಿಂಗು ತಲೆ. ನಿಂತ ನೀರು ಹೋಗಲು ದಾರಿಯಾದರೆ ಸಾಕು. ಅದು ವಾಪಸ್ ಬರುವಾಗ ಸುತ್ತಿಕೊಂಡು ಬರುವ ಚೂರು ನೋಡಿಯೇ ಮುಂದಿನದು ತೀರ್ಮಾನ. ಬಿಳಿ ಜಿಡ್ಡಾದರೆ ಪೈಪಿನ ಅಳತೆಗೆ ಹತ್ತಿರದ ಕಟ್ಟರ್ ಹಾಕಿ ಗೋಡೆ ಕೆರೆಯಬೇಕು, ಇಲ್ಲದಿದ್ದರೆ ನಡುವೆ ಒಂದು ತೂತು ಮಾತ್ರ ಆಗುತ್ತದೆ, ಕೆಲವೇ ವಾರದಲ್ಲಿ ಮತ್ತೆ ಫೋನು ಬರುತ್ತದೆ. ಬಟ್ಟೆಯ ಚೂರು, ಒದ್ದೆ ಟಿಶ್ಯೂ ಬಂದರೆ ಕೊಕ್ಕೆಯ ತಲೆ. ಕೆರೆಯುವಾಗ ನಲ್ಲಿ ಬಿಟ್ಟೇ ಇರಬೇಕು, ಕಿತ್ತ ಕಸವನ್ನು ಮುಂದಕ್ಕೆ ಒಯ್ಯುವುದು ನೀರೇ.

ಬೇರಿನ ಒಂದು ಕೆಲಸ ಮರೆಯುವ ಹಾಗಿಲ್ಲ. ಚೇಂಬರಿನಿಂದ ನಾಲ್ಕು ಇಂಚಿನ ಲೈನು, ದೊಡ್ಡ ಮೆಷಿನ್. ಐದನೇ ತುಂಡು ಜೋಡಿಸಿದ ಮೇಲೆ ಕಚ್ಚಿತು. ಮುಕ್ಕಾಲು ಗಂಟೆ ಹಿಂದೆ ಮುಂದೆ. ಕೊನೆಗೆ ಎಳೆದಾಗ ಕಟ್ಟರಿಗೆ ಸುತ್ತಿಕೊಂಡು ಬಂದದ್ದು ನೋಡಿ ಮನೆಯವರು ಯಾವುದೋ ಪ್ರಾಣಿ ಅಂತ ಹಿಂದೆ ಸರಿದರು. ಕಂದು ಬಣ್ಣದ, ಕೂದಲಿನಷ್ಟು ಸಣ್ಣ ಎಳೆಗಳ ಜಡೆ, ಮೊಳದುದ್ದ, ಪೈಪಿನ ಆಕಾರಕ್ಕೇ ದುಂಡಗೆ ಬೆಳೆದಿತ್ತು. ಜೋಡಣೆಯ ಸಣ್ಣ ಸಂದಿಯಿಂದ ನೀರಿನ ಜಾಡು ಹಿಡಿದು ಒಳಗೆ ಬಂದದ್ದು. ಕತ್ತರಿಸಿದರೂ ಸಂದಿ ಹಾಗೇ ಇರುತ್ತದೆ, ಬೇರು ಮತ್ತೆ ಬರುತ್ತದೆ. ಅದನ್ನು ಅವತ್ತೇ ಹೇಳಿಬಂದೆ.

ನಗು ಬರುವಂಥದ್ದೂ ಇದೆ. ಒಂದು ಕಡೆ ಕೇಬಲ್ ಹತ್ತು ಮೀಟರ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ನೀರು ಮಾತ್ರ ಅಲ್ಲಾಡಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಜೊತೆಗಿದ್ದ ಹುಡುಗ ಮೇಲಿಂದ ಕೂಗಿದ: "ಅಣ್ಣಾ, ಟೆರೇಸಲ್ಲಿ ಪೈಪು ಗಲಗಲ ಅಂತಿದೆ!" 'T' ಆಕಾರದ ಜೋಡಣೆಯಲ್ಲಿ ಕೇಬಲ್ ಕೆಳಗೆ ಇಳಿಯುವ ಬದಲು ಗಾಳಿ ಪೈಪು ಹತ್ತಿ ಮಾಡಿಗೆ ಹೋಗಿತ್ತು. ಆವತ್ತಿನಿಂದ ಕೇಬಲ್ಲಿಗೆ ಮೂರು ಮೀಟರಿಗೊಂದು ಬಣ್ಣದ ಟೇಪು ಸುತ್ತಿದ್ದೇನೆ. ಎಷ್ಟು ಒಳಗೆ ಹೋಗಿದೆ, ಆ ದೂರದಲ್ಲಿ ಏನಿರಬೇಕು, ಇವೆರಡೂ ತಾಳೆಯಾಗದಿದ್ದರೆ ನಿಲ್ಲಿಸುತ್ತೇನೆ.

ಮುಗಿದ ಮೇಲಿನ ಕೆಲಸ ಯಾರಿಗೂ ಬೇಡ. ಎಳೆಯುವಾಗಲೇ ಕೇಬಲ್ಲಿನ ಮೇಲೆ ಶುದ್ಧ ನೀರು ಬಿಡಬೇಕು. ಡ್ರಮ್ ಬಗ್ಗಿಸಿ ಒಳಗಿನ ಕಪ್ಪು ನೀರು ಸುರಿಯಬೇಕು, ಆ ವಾಸನೆಯ ವರ್ಣನೆ ಬೇಡ. ಆಮೇಲೆ ಒಣಗಿಸಿ ಎಣ್ಣೆ ಸವರಬೇಕು. ಒಂದು ಮಳೆಗಾಲ ನಾನು ಇದನ್ನು ಬಿಟ್ಟೆ. ಕೇಬಲ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು, ಸುತ್ತುಗಳ ನಡುವೆ ತುಕ್ಕು ತಿಂದಿತ್ತು. ಒಂದು ದಿನ ಪೈಪಿನೊಳಗೇ ತುಂಡಾಯಿತು. ಕಳೆದುಹೋದ ತುದಿಯನ್ನು ಕೊಕ್ಕೆಯಿಂದ ಮೀನು ಹಿಡಿದ ಹಾಗೆ ಹಿಡಿಯಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಮೆಷಿನ್ನಿನಿಂದ ಆಗದ್ದೂ ಇದೆ. ಗಾರೆ ಕೆಲಸದವರು ತೊಳೆದು ಬಿಟ್ಟ ಸಿಮೆಂಟು ಪೈಪಿನಲ್ಲಿ ಕಲ್ಲಾಗಿದ್ದರೆ ಈ ಕಟ್ಟರ್ ಏನೂ ಮಾಡುವುದಿಲ್ಲ. ಉದ್ದಕ್ಕೂ ಜಿಡ್ಡು ಕೂತ ದೊಡ್ಡ ಲೈನಿಗೆ ಜೋರು ಒತ್ತಡದ ನೀರಿನ ಜೆಟ್ಟೇ ಸರಿ. ಇನ್ನೊಂದು, ಕುಸಿದ ಪೈಪು. ಒಂದು ಮನೆಗೆ ಒಂದೇ ಜಾಗಕ್ಕೆ ಮೂರು ಸಲ ಹೋದೆ. ಪ್ರತಿ ಸಲ ಎಂಟು ಮೀಟರ್ ಹತ್ತಿರ ಮೆತ್ತನೆಯ ಕೆಸರು, ಪ್ರತಿ ಸಲ ನೀರು ಹರಿಯಿತು, ಎರಡು ತಿಂಗಳಿಗೆ ಮತ್ತೆ ಕಟ್ಟಿತು. ಮೂರನೇ ಸಲ ದುಡ್ಡು ತೆಗೆದುಕೊಳ್ಳದೆ, ಅಗೆದು ನೋಡಿ ಅಂದೆ. ಅವರಿಗೆ ಸಿಟ್ಟು ಬಂತು. ಆದರೂ ಅಗೆಸಿದರು, ನನ್ನನ್ನೂ ಕರೆದರು. ಕೆಳಗಿನ ಮಣ್ಣು ಕುಸಿದು ಪೈಪು ತೊಟ್ಟಿಲಿನ ಹಾಗೆ ಜೋತುಬಿದ್ದಿತ್ತು, ಅಲ್ಲಿ ನೀರು, ಕಸ ಎಲ್ಲ ಮಡುಗಟ್ಟಿ ನಿಂತಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ತೊಳೆದು, ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ನನ್ನ ಕಟ್ಟರ್ ಗೀಚಿದ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಕಾಣುತ್ತಿದ್ದವು.